ಅಧ್ಯಕ್ಷರ ಕೋಷ್ಟಕ

ಬ್ರೂಲಿ ರಾಪಿಡ್ಸ್, ವಿಸ್ಕಾನ್ಸಿನ್
8 ಸೆಪ್ಟೆಂಬರ್ 1992

ಸಿಗ್ನೆಗೆ,

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕೆ ಎಂದುಕೊಂಡು ಹಿಗ್ಗಬೇಡ. ಫೋನ್ ಮಾಡಬಹುದಿತ್ತು, ಆದರೆ ನಲವತ್ತು ವರ್ಷ ಕಾಗದದ ಯಂತ್ರದ ಪಕ್ಕ ನಿಂತ ಕಿವಿ ನನ್ನದು, ಫೋನಿನಲ್ಲಿ ಯಾರು ಮಾತಾಡಿದರೂ ನೊಣ ಗುಂಯ್‌ಗುಟ್ಟಿದಂತೆ ಕೇಳುತ್ತದೆ.

ನಿನ್ನೆ ಸೆಪ್ಟೆಂಬರಿನ ಮೊದಲ ಸೋಮವಾರ, ಕಾರ್ಮಿಕರ ದಿನ. ಯೂನಿಯನ್ನಿನವರೆಲ್ಲ ಎಂದಿನಂತೆ ನದಿ ದಡದ ಪಾರ್ಕಿನಲ್ಲಿ ಸಾಸೇಜು ಸುಡುತ್ತ ನಿಂತಿದ್ದೆವು. ಅಷ್ಟರಲ್ಲಿ ಕ್ಲೆಮ್ ಬಾರ್ಟೋಶ್ ಊರಿನ ಪತ್ರಿಕೆ ಹಿಡಿದುಕೊಂಡು ಬಂದ. ಅವನು ಗೊತ್ತಲ್ಲ, ಮೂರನೇ ಯಂತ್ರದಲ್ಲಿ ನನ್ನ ಜೊತೆಯವನು, ಹುಟ್ಟಾ ರಿಪಬ್ಲಿಕನ್. ಮುಖ ಹುಳಿ ತಿಂದವನ ಹಾಗಿತ್ತು.

"ಲೋ ಆರ್ವಿಡ್, ನಿನ್ ಮಗಳು ನಮ್ಮವರ ಮಾನ ಕಳೆದಿದ್ದಾಳೆ ಕಣೋ" ಎಂದ.

ನೋಡಿದರೆ ನಿನ್ನ ಕೋಷ್ಟಕ. ಎರಡನೇ ಮಹಾಯುದ್ಧ ಮುಗಿದಂದಿನಿಂದ ಒಬ್ಬೊಬ್ಬ ಅಧ್ಯಕ್ಷನ ಕಾಲದಲ್ಲೂ ದೇಶದ ದುಡಿಮೆ ಎಷ್ಟು ಬೆಳೆಯಿತು, ಎಷ್ಟು ಜನಕ್ಕೆ ಕೆಲಸವಿರಲಿಲ್ಲ, ಎಲ್ಲ ಸಾಲುಸಾಲಾಗಿ. ಕೊನೆಯಲ್ಲಿ ಎರಡು ಪಕ್ಷಗಳ ಸರಾಸರಿ. ನಮ್ಮ ಡೆಮಾಕ್ರಟರದ್ದು ಮೇಲೆ, ರಿಪಬ್ಲಿಕನ್ನರದ್ದು ಕೆಳಗೆ. ಇದನ್ನೇ ನಾನು ನಲವತ್ತು ವರ್ಷದಿಂದ ಬಾಯಿ ನೋಯುವಷ್ಟು ಹೇಳಿಕೊಂಡು ಬಂದಿದ್ದೆ. ಕೆಳಗೆ ಅಚ್ಚಿನಲ್ಲಿ ನಮ್ಮ ಮನೆತನದ ಹೆಸರು.

ಆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ದಿನ ನೀನು ಎದುರಿಗೆ ಕೂತು ರಿಪಬ್ಲಿಕನ್ ಪಕ್ಷಕ್ಕೆ ಓಟು ಹಾಕಿದೆ ಎಂದಾಗ ಮೇಜು ಬಿಟ್ಟೇಳು ಅಂದವನು ನಾನೇ. ನಿನ್ನ ಅಮ್ಮನನ್ನು ಮಣ್ಣು ಮಾಡಿದ ದಿನವೂ ನಾವು ಮಾತಾಡಲಿಲ್ಲ. ಈಗ ನಿನಗೆ ಬುದ್ಧಿ ಬಂದಂತಿದೆ. ಅಷ್ಟು ಹೇಳೋಣ ಅನ್ನಿಸಿತು.

ಆರ್ವಿಡ್ ಟೊಲೆಫ್ಸನ್


ಮಿನಿಯಾಪೊಲಿಸ್
20 ಸೆಪ್ಟೆಂಬರ್ 1992

ಅಪ್ಪಾ,

ಲಕೋಟೆಯ ಮೇಲಿನ ಅಕ್ಷರ ನೋಡಿ ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ಒಡೆಯಲು ಧೈರ್ಯ ಬರಲಿಲ್ಲ. ಯಾರೋ ಸತ್ತಿರಬೇಕು, ಅದಕ್ಕೇ ಅಪ್ಪ ಬರೆದಿದ್ದಾನೆ ಎಂದುಕೊಂಡೆ. ನೋಡಿದರೆ ಬೈದು ಬರೆದಿದ್ದೀಯ. ಎಷ್ಟು ಸಂತೋಷವಾಯಿತು ಎಂದು ಬರೆದರೆ ನಿನಗೆ ಮುಜುಗರ, ಬಿಡು.

ಕೋಷ್ಟಕ ಒಂದು ದೊಡ್ಡ ಲೇಖನದ ನಡುವಿನ ಪುಟ, ಅಪ್ಪ. ಪತ್ರಿಕೆಯವರು ಅಷ್ಟನ್ನೇ ಹೆಕ್ಕಿ ಹಾಕಿದ್ದಾರೆ. ಉಳಿದದ್ದನ್ನೂ ಕಳಿಸಲೇ? ಹನ್ನೊಂದು ಪುಟ ಇದೆ.

ನನ್ನ ಕೆಲಸ ಚೆನ್ನಾಗಿ ನಡೆದಿದೆ. ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ಅರ್ಥಶಾಸ್ತ್ರದ ತರಗತಿ. ಮದುವೆಯಾಗಿಲ್ಲ, ಯಾರಾದರೂ ಕೇಳಿದರೆ ಹೇಳಬಹುದು. ಶುಕ್ರವಾರ ಇಲ್ಲಿಯೂ ಹುರಿದ ಮೀನು ಸಿಗುತ್ತದೆ, ಆದರೆ ನಮ್ಮೂರಿನ ಚರ್ಚಿನ ನೆಲಮಾಳಿಗೆಯಲ್ಲಿ ಕ್ಲೆಮ್‌ನ ಹೆಂಡತಿ ಬರ್ನೀಸ್ ಹುರಿಯುವ ಮೀನಿನ ಮುಂದೆ ಅದು ಏನೂ ಅಲ್ಲ. ಅವರಿಬ್ಬರಿಗೂ ನನ್ನ ನೆನಪು ತಿಳಿಸು.

ನಿನ್ನ ಮಗಳು
ಸಿಗ್ನೆ


ಬ್ರೂಲಿ ರಾಪಿಡ್ಸ್
11 ನವೆಂಬರ್ 1992

ಮಗಳೇ,

ಗೆದ್ದೆವು! ಹನ್ನೆರಡು ವರ್ಷದ ಮೇಲೆ ನಮ್ಮ ಪಕ್ಷದವನು ಅಧ್ಯಕ್ಷನಾಗಿ ಬಂದ. ಪೂರ್ತಿ ಲೇಖನ ಬೇಡ, ಕೋಷ್ಟಕವೇ ಸಾಕು. ಅಡುಗೆ ರುಚಿಯಾಗಿದ್ದರೆ ಒಲೆ ಇಣುಕಿ ನೋಡುವ ಅಭ್ಯಾಸ ನನಗಿಲ್ಲ.

ಓಟಿನ ದಿನ ಎಂದಿನಂತೆ ಕ್ಲೆಮ್‌ನ ಟ್ರಕ್ಕಿನಲ್ಲಿ ಇಬ್ಬರೂ ಹೋದೆವು. ಮೂವತ್ತೆರಡು ವರ್ಷದಿಂದ ಹಾಗೇ. ಅವನ ಓಟನ್ನು ನನ್ನದು ಹೊಡೆದುಹಾಕುತ್ತದೆ, ನನ್ನದನ್ನು ಅವನದು. "ಇಬ್ರೂ ಮನೇಲೇ ಬಿದ್ಕೊಂಡಿದ್ರೆ ಪೆಟ್ರೋಲಾದ್ರೂ ಉಳೀತಿತ್ತು" ಎನ್ನುತ್ತಾನೆ ಪ್ರತಿ ಸಲ. ಆಮೇಲೆ ಸೇಬಿನ ಪೈ ತಿಂದು ಬರುತ್ತೇವೆ.

ಈಗ ಊರಲ್ಲಿ ಬೇರೆಯೇ ಮಾತು ನಡೆದಿದೆ. ಮಿಲ್ಲಿನ ಒಡೆಯರು ಎಲ್ಲರಿಗೂ ಒಂದು ಕಾಗದ ಹಂಚಿದ್ದಾರೆ. ಐವತ್ತೈದು ದಾಟಿದವರು ತಾವಾಗಿಯೇ ಕೆಲಸ ಬಿಟ್ಟರೆ ಒಂದೂವರೆ ವರ್ಷದ ಸಂಬಳ, ಜೊತೆಗೆ ಗಂಡ ಹೆಂಡತಿ ಇಬ್ಬರಿಗೂ ಅರವತ್ತೈದರವರೆಗೆ ಆರೋಗ್ಯ ವಿಮೆ. ಡಿಸೆಂಬರ್ ಹದಿನೆಂಟರೊಳಗೆ ಸಹಿ ಹಾಕಬೇಕು. ಹಾಕದೆ ಉಳಿದು ನಾಳೆ ಮಿಲ್ ಮುಚ್ಚಿದರೆ ಇದರಲ್ಲಿ ಒಂದೂ ಇಲ್ಲ, ವಿಮೆಯೂ ಅವತ್ತಿಗೇ ಮುಗಿಯುತ್ತದೆ. ಬೆದರಿಸುವ ಆಟ. ಮುದುಕರನ್ನು ಅಗ್ಗಕ್ಕೆ ಕಳಿಸಿ ಎಳೆಯರನ್ನು ಇನ್ನೂ ಅಗ್ಗಕ್ಕೆ ತರುವ ಹುನ್ನಾರ.

ಮೂರನೇ ಯಂತ್ರದ ನಾವು ಆರು ಜನ ಏನು ಮಾಡಿದರೂ ಒಟ್ಟಿಗೇ ಮಾಡುವುದು ವಾಡಿಕೆ. ನಾನು ಯಂತ್ರದ ಮೇಲಾಳು, ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ನಾನು ನಿನ್ನ ಕೋಷ್ಟಕವನ್ನು ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಒಳ್ಳೆಯ ಕಾಲ ಬರುತ್ತಿರುವಾಗ ಬಾಗಿಲಿನಿಂದಾಚೆ ಹೋಗುವವನು ಹುಚ್ಚ.

ಅಪ್ಪ


ಬ್ರೂಲಿ ರಾಪಿಡ್ಸ್
30 ನವೆಂಬರ್ 1992

ಮಗಳೇ,

ಜಿಂಕೆ ಬೇಟೆಯ ಒಂಬತ್ತು ದಿನ ಮುಗಿಸಿ ನಿನ್ನೆ ಬಂದೆ. ಈ ವರ್ಷ ಕಾಡಿನ ಗುಡಿಸಲಿನಲ್ಲಿ ಜಿಂಕೆಯ ಮಾತಿಗಿಂತ ಸಹಿಯ ಮಾತೇ ಜಾಸ್ತಿ. ನಾಲ್ವರು ನನ್ನ ಜೊತೆ ಉಳಿಯುತ್ತಾರೆ. ಕ್ಲೆಮ್ ಒಬ್ಬ ಒಪ್ಪುತ್ತಿಲ್ಲ. ಅವನಿಗೆ ಐವತ್ತೊಂಬತ್ತು. ಬರ್ನೀಸಳ ಹೃದಯದ ಕವಾಟ ಕೆಟ್ಟಿದೆ, ಮುಂದಿನ ವರ್ಷ ಆಪರೇಷನ್ ಆಗಲೇಬೇಕಂತೆ. ಅವನಿಗೆ ವಿಮೆಯದೇ ಚಿಂತೆ, ಉಳಿದರೆ ಪೂರ್ತಿ ಪಿಂಚಣಿಗೆ ಇನ್ನು ಮೂರೇ ವರ್ಷ ಎಂಬ ಆಸೆಯೂ ಇದೆ.

ಕೊನೆಯ ದಿನ ಬೀನ್ಸ್ ಬೇಯಿಸುತ್ತ ಕೇಳಿದ: "ನಿನ್ ಮಾತು ಬೇಡ ಆರ್ವಿಡ್, ನೀನು ಪಕ್ಷದ ಕುರುಡ. ನಿನ್ ಮಗಳನ್ನ ಕೇಳು. ಅವಳು ಒಂದ್ಸಲ ನಮ್ಮವನಿಗೆ ಓಟು ಹಾಕಿ, ಅದನ್ನ ನಿನ್ ಮುಖಕ್ಕೇ ಹೇಳಿ, ಊಟ ಬಿಟ್ಟು ಎದ್ದು ಹೋದೋಳು. ಅವಳು ಸುಳ್ಳು ಹೇಳೋಳಲ್ಲ. ಮೂರನೇ ಯಂತ್ರ ಇನ್ನು ಮೂರು ವರ್ಷ ಓಡುತ್ತಾ ಇಲ್ವಾ? ಅವಳು ಓಡುತ್ತೆ ಅಂದ್ರೆ ನಾನು ಸಹಿ ಹಾಕಲ್ಲ."

ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ನನ್ನ ಕಡೆಯ ಮಾತಿಗೆ ಕಿವಿ ಕೊಟ್ಟಿದ್ದಾನೆ. ನೋಡು, ನನಗೆಷ್ಟು ಸೊಕ್ಕು ಬಂದಿರಬೇಡ. ಒಂದೇ ಒಂದು ಸಾಲು ಬರೆದು ಕಳಿಸು, ಅವನಿಗೆ ತೋರಿಸುತ್ತೇನೆ.

ಮತ್ತೆ, ಕ್ರಿಸ್ಮಸ್ಸಿಗೆ ಬಾ. ನಿನ್ನ ಕೋಣೆಯಲ್ಲಿ ತುಂಬಿಟ್ಟಿದ್ದ ಸಾಮಾನು ತೆಗೆಸಿ ಮಂಚ ಹಾಕಿಸಿದ್ದೇನೆ. ನಿನ್ನ ಅಮ್ಮ ಮಾಡುತ್ತಿದ್ದ ಆಲೂಗಡ್ಡೆಯ ರೊಟ್ಟಿಯನ್ನು ನಾನೂ ಕಲಿತಿದ್ದೇನೆ. ದುಂಡಗೆ ಬರುವುದಿಲ್ಲ, ಅಷ್ಟೆ.

ಅಪ್ಪ


ಮಿನಿಯಾಪೊಲಿಸ್
6 ಡಿಸೆಂಬರ್ 1992

ಅಪ್ಪಾ,

ಬರುತ್ತೇನೆ. ಇಪ್ಪತ್ತಮೂರರ ಸಂಜೆಯ ಬಸ್ಸಿಗೆ ಟಿಕೆಟ್ ತೆಗೆದಾಯಿತು. ರೊಟ್ಟಿ ಚೌಕವಾಗಿದ್ದರೂ ತಿನ್ನುತ್ತೇನೆ.

ಕ್ಲೆಮ್‌ಗೆ ಹೇಳು: ಕೋಷ್ಟಕದ ಅಂಕಿಗಳು ಸರಿಯಾಗಿವೆ, ಮೂರು ಸಲ ತಾಳೆ ನೋಡಿದ್ದೇನೆ.

ಬೇರೆ ಏನು ಬರೆಯಲಿ? ಇಲ್ಲಿ ಹಿಮ ಬಿದ್ದಿದೆ. ಅಮ್ಮನ ಹಸಿರು ಸ್ವೆಟರ್ ಅಲ್ಲಿ ಎಲ್ಲಾದರೂ ಇದ್ದರೆ ತೆಗೆದಿಡು.

ಸಿಗ್ನೆ


ಬ್ರೂಲಿ ರಾಪಿಡ್ಸ್
19 ಡಿಸೆಂಬರ್ 1992

ಮಗಳೇ,

ನಿನ್ನ ಸಾಲನ್ನು ಕತ್ತರಿಯಿಂದ ಕತ್ತರಿಸಿ ಕ್ಲೆಮ್‌ನ ಕೈಗೇ ಕೊಟ್ಟೆ. ಎರಡು ಸಲ ಓದಿ ಮಡಿಚಿ ಪಾಕೀಟಿನಲ್ಲಿ ಇಟ್ಟುಕೊಂಡ. ಸಹಿಯ ಕಾಗದವನ್ನು ನನ್ನೆದುರಿಗೇ ಹರಿದು ಹಾಕಿದ. ಬರ್ನೀಸ್‌ಗೆ ಸಮಾಧಾನವಾಗಿದೆ. ನೀನು ಬಂದಾಗ ಹುರಿದ ಮೀನಿನ ಊಟ ಅವಳ ಮನೆಯಲ್ಲೇ ಅಂತೆ.

ಸ್ವೆಟರ್ ಸಿಕ್ಕಿದೆ. ಬಸ್ ನಿಲ್ದಾಣಕ್ಕೆ ಬರುತ್ತೇನೆ.

ಅಪ್ಪ


ಮಿನಿಯಾಪೊಲಿಸ್
3 ಜನವರಿ 1993

ಅಪ್ಪಾ,

ಮನೆಯಿಂದ ಬಂದ ಮೇಲೆ ಈ ಬಾಡಿಗೆ ಕೋಣೆ ಬಿಕೋ ಎನ್ನುತ್ತಿದೆ. ನೀನು ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುವ ಸದ್ದು, ಕೇಳದ ಕಿವಿಗೆ ರೇಡಿಯೋ ಜೋರಾಗಿ ಇಡುವುದು, ಅದನ್ನೆಲ್ಲ ಎಂಟು ವರ್ಷ ನಾನು ಎಲ್ಲಿ ಬಚ್ಚಿಟ್ಟುಕೊಂಡಿದ್ದೆನೋ.

ಬರ್ನೀಸಳ ಕೈ ತುಂಬ ತಣ್ಣಗಿತ್ತು. ಹೊರಡುವಾಗ ನನ್ನ ಕೈ ಹಿಡಿದು "ನೀನು ಹೇಳಿದ್ಮೇಲೆ ನಮ್ಮೋರಿಗೆ ನಿದ್ದೆ ಬರ್ತಿದೆ ಕಣಮ್ಮ" ಎಂದಳು. ಆಪರೇಷನ್ನನ್ನು ಆದಷ್ಟು ಬೇಗ ಮಾಡಿಸಿಕೊಳ್ಳಲು ಹೇಳು ಅಪ್ಪ. ಬೇಸಿಗೆಯವರೆಗೆ ಕಾಯುವುದು ಬೇಡ. ದಯವಿಟ್ಟು ಹೇಳು.

ಸಿಗ್ನೆ


ಬ್ರೂಲಿ ರಾಪಿಡ್ಸ್
22 ಜೂನ್ 1993

ಸಿಗ್ನೆ,

ನಿನ್ನ ಮೂರು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಮಾರ್ಚಿನಿಂದ ಯಂತ್ರ ವಾರಕ್ಕೆ ನಾಲ್ಕು ದಿನ, ಆಮೇಲೆ ಮೂರು ದಿನ ಓಡಿತು. ಬರೆಯಲು ಒಳ್ಳೆಯ ಸುದ್ದಿ ಬರಲಿ ಎಂದು ಕಾದೆ.

ಶುಕ್ರವಾರ ಎಲ್ಲರನ್ನೂ ಗೋದಾಮಿಗೆ ಕರೆದರು. ಟೈ ಕಟ್ಟಿದ ಒಬ್ಬ ಹುಡುಗ ಪೆಟ್ಟಿಗೆಯ ಮೇಲೆ ಹತ್ತಿ ಓದಿದ. ಅರವತ್ತು ದಿನದ ನೋಟಿಸು, ಆಗಸ್ಟ್ ಕೊನೆಗೆ ಮಿಲ್ಲಿಗೆ ಬೀಗ. ಮೂರನೇ ಯಂತ್ರವನ್ನು ಬಿಚ್ಚಿ ಸಮುದ್ರದಾಚೆ ಎಲ್ಲಿಗೋ ಮಾರುತ್ತಾರಂತೆ. ನನ್ನ ಕಿವಿಗೆ ಅರ್ಧ ಕೇಳಲಿಲ್ಲ. ಪಕ್ಕದಲ್ಲಿದ್ದ ಕ್ಲೆಮ್‌ನನ್ನು ಏನಂತೆ ಎಂದು ಕೇಳಿದೆ. ಅವನು ನನ್ನ ಕಡೆ ತಿರುಗಲಿಲ್ಲ.

ಡಿಸೆಂಬರಿನಲ್ಲಿ ಸಹಿ ಹಾಕಿ ಹೋದವರು ಈಗ ಮೀನು ಹಿಡಿಯುತ್ತ ನದಿಯ ದಡದಲ್ಲಿ ಕೂತಿದ್ದಾರೆ. ನಾನು ಹೋದರೆ ಮಾತು ನಿಲ್ಲಿಸುತ್ತಾರೆ.

ಬರ್ನೀಸಳ ಆಪರೇಷನ್ ಸೆಪ್ಟೆಂಬರ್ ಎರಡನೇ ವಾರಕ್ಕೆ ಗೊತ್ತಾಗಿತ್ತು. ವಿಮೆ ಮುಗಿಯುವ ಮೊದಲೇ ಮಾಡಿಸಲು ಓಡಾಡುತ್ತಿದ್ದಾರೆ, ಆಸ್ಪತ್ರೆಯಲ್ಲಿ ಅದಕ್ಕೂ ಮೊದಲು ಜಾಗವಿಲ್ಲವಂತೆ.

ಒಂದು ವಿಷಯ ನನಗೆ ಹೊಳೆಯುತ್ತಿಲ್ಲ. ದೇಶದಲ್ಲಿ ಕೆಲಸ ಹೆಚ್ಚಾಗುತ್ತಿದೆ ಎಂದು ರೇಡಿಯೋ ದಿನವೂ ಹೇಳುತ್ತಿದೆ. ನಿನ್ನ ಕೋಷ್ಟಕ ಹೇಳಿದ ಹಾಗೇ ನಡೆಯುತ್ತಿದೆ. ಹಾಗಿದ್ದ ಮೇಲೆ ನಮಗೆ ಯಾಕೆ ಹೀಗಾಯಿತು?

ಅಪ್ಪ


ಬ್ರೂಲಿ ರಾಪಿಡ್ಸ್
18 ಅಕ್ಟೋಬರ್ 1993

ಸಿಗ್ನೆ,

ಬರ್ನೀಸ್ ಹನ್ನೊಂದನೇ ತಾರೀಖು ತೀರಿಕೊಂಡಳು. ವಿಮೆ ಆಗಸ್ಟ್ ಮೂವತ್ತೊಂದಕ್ಕೆ ನಿಂತಿತು. ಆಪರೇಷನ್ ತಾರೀಖು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕ್ಲೆಮ್ ಟ್ರಕ್ಕು ಮಾರಿದ, ಮನೆ ಮಾರಲು ಹಲಗೆ ಹಾಕಿದ. ಕೊಳ್ಳುವವರು ಯಾರು? ಇಡೀ ಬೀದಿಯಲ್ಲಿ ಅದೇ ಹಲಗೆ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕೊಡುತ್ತಿದ್ದರು. ಕ್ಲೆಮ್ ಬಂದು ನನ್ನೆದುರು ಕೂತ. ಪಾಕೀಟಿನಿಂದ ನಿನ್ನ ಸಾಲು ತೆಗೆದು ಮೇಜಿನ ಮೇಲೆ ಬಿಡಿಸಿದ. ಮಡಿಸಿದ ಕಡೆ ಹರಿದುಹೋಗಿತ್ತು. ಸಿಟ್ಟಿನಿಂದ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆಲ್ಲಗೆ, ನಾನು ತುಟಿ ನೋಡಿ ತಿಳಿಯಲಿ ಎಂದು ಬಿಡಿಬಿಡಿಯಾಗಿ ಹೇಳಿದ.

"ಅಂಕಿ ಸರಿಯಾಗಿದೆ ಅಂತಾಳೆ. ಇರಬಹುದು. ಇದರಲ್ಲಿ ನನ್ ಬರ್ನೀಸ್ ಎಲ್ಲಿದ್ದಾಳೆ ಅಂತ ನಿನ್ ಮಗಳನ್ನ ಕೇಳು."

ಮರುದಿನ ಕೌಂಟಿ ಗ್ರಂಥಾಲಯಕ್ಕೆ ಹೋಗಿ ನಿನ್ನ ಲೇಖನವನ್ನು ತೆಗೆಸಿದೆ. ಹನ್ನೊಂದು ಪುಟವನ್ನೂ ಓದಿದೆ, ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೊನೆಯ ಪುಟದಲ್ಲಿ ನೀನೇ ಬರೆದಿದ್ದೀಯ. ಎರಡು ಪಕ್ಷಗಳ ನಡುವಿನ ಅಂತರದಲ್ಲಿ ಬಹುಪಾಲು ಅಧ್ಯಕ್ಷರ ಕೈವಾಡವಲ್ಲ. ಕಚ್ಚಾ ಎಣ್ಣೆಯ ಬೆಲೆ, ಯುದ್ಧ, ದೇಶದ ದುಡಿಮೆ ಕುಸಿದು ತಳ ಮುಟ್ಟಿದಾಗ ಗಾದಿಗೆ ಬಂದು ಅದು ತಾನಾಗಿ ಏರುವಾಗ ಹೆಸರು ಪಡೆದ ಅದೃಷ್ಟ. ಇದನ್ನು ಹಿಡಿದು ಮುಂದಿನದನ್ನು ಹೇಳಲಾಗದು. ಒಂದು ಊರಿನ ಬಗ್ಗೆ, ಒಂದು ಕಾರ್ಖಾನೆಯ ಬಗ್ಗೆ ಇದು ಏನೂ ಹೇಳುವುದಿಲ್ಲ.

ಅದು ಅಚ್ಚಾದದ್ದು ಹೋದ ವರ್ಷ ಆಗಸ್ಟಿನಲ್ಲಿ. ನಾನು ನಿನ್ನನ್ನು ಕೇಳಿದ್ದು ನವೆಂಬರಿನಲ್ಲಿ.

ಉತ್ತರ ಬರಿ.

ಆರ್ವಿಡ್


ಮಿನಿಯಾಪೊಲಿಸ್
24 ಅಕ್ಟೋಬರ್ 1993

ಅಪ್ಪಾ,

ಗೊತ್ತಿತ್ತು. ನನಗೆ ಎಲ್ಲವೂ ಗೊತ್ತಿತ್ತು.

ನಿನ್ನ ನವೆಂಬರಿನ ಪತ್ರ ಬಂದ ದಿನವೇ ಐದು ಪುಟ ಬರೆದೆ. ಕೋಷ್ಟಕವನ್ನು ಗೋಡೆಯಿಂದ ಕಿತ್ತುಹಾಕು, ಕ್ಲೆಮ್ ಇವತ್ತೇ ಸಹಿ ಹಾಕಲಿ, ನೀನೂ ಹಾಕು, ಎರಡು ಪಕ್ಷದವರೂ ನಿಮ್ಮ ಮಿಲ್ಲನ್ನು ಉಳಿಸುವವರಲ್ಲ ಎಂದು ಬರೆದೆ. ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಆಮೇಲೆ ನಿನ್ನ ಪತ್ರದ ಕೊನೆಯ ಸಾಲುಗಳನ್ನು ಮತ್ತೆ ಓದಿದೆ. ಮಂಚ ಹಾಕಿಸಿದ್ದೇನೆ ಎಂದಿದ್ದೆ.

ಅಪ್ಪ, ನೀನು ನನ್ನನ್ನು ವಾಪಸು ಕರೆದದ್ದು ಆ ಕೋಷ್ಟಕಕ್ಕಾಗಿ. ಅದು ನೀನು ತಿಳಿದ ಅರ್ಥದ್ದಲ್ಲ ಎಂದರೆ ಮತ್ತೆ ನನ್ನ ಪಾಲಿಗೆ ಬಾಗಿಲು ಮುಚ್ಚುತ್ತದೆ ಎಂದು ಹೆದರಿದೆ. ಒಂದು ಸಲ ನಿಜ ಹೇಳಿ ಎಂಟು ವರ್ಷ ಕಳೆದುಕೊಂಡಿದ್ದೆ. ಅಮ್ಮನನ್ನೂ ಆ ಎಂಟು ವರ್ಷದಲ್ಲೇ ಕಳೆದುಕೊಂಡೆ. ಎರಡನೇ ಸಲ ನನ್ನ ಕೈಲಾಗಲಿಲ್ಲ. ಐದು ಪುಟ ಹರಿದು ಆ ಒಂದು ಸಾಲು ಬರೆದೆ. ಸುಳ್ಳಲ್ಲದ ಸಾಲನ್ನು ಹುಡುಕಿ ಹುಡುಕಿ ಬರೆದೆ, ಅದು ಇನ್ನೂ ಕೆಟ್ಟದ್ದು. ಮಿಲ್ ಹೇಗೋ ಮೂರು ವರ್ಷ ಎಳೆಯಬಹುದು, ಯಾರಿಗೆ ಗೊತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಆ ಐದು ಪುಟ ಕಳಿಸಿದ್ದರೆ ಬರ್ನೀಸ್ ಇವತ್ತು ಇರುತ್ತಿದ್ದಳು. ಒಂದು ಕ್ರಿಸ್ಮಸ್ಸಿನ ಆಸೆಗೆ ಅವಳನ್ನು ಕೊಟ್ಟುಬಿಟ್ಟೆ. ದೇಶದ ಅಂಕಿಗಳು ಸುಧಾರಿಸುತ್ತಿವೆ, ಹೊಸ ಅಧ್ಯಕ್ಷರ ಸಾಲು ಚೆನ್ನಾಗಿಯೇ ಬರಬಹುದು. ಅದನ್ನು ಕೋಷ್ಟಕಕ್ಕೆ ಸೇರಿಸುವ ಕೆಲಸ ನನ್ನದೇ. ಕ್ಲೆಮ್ ಕೇಳಿದ್ದಕ್ಕೆ ಉತ್ತರ ಅದರಲ್ಲಿ ಎಲ್ಲೂ ಇಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ಕ್ಲೆಮ್‌ನ ಮುಂದೆ ನಿಂತು ಎಲ್ಲ ಹೇಳುತ್ತೇನೆ. ಆಮೇಲೆ ನೀವಿಬ್ಬರೂ ಏನು ಮಾಡಿದರೂ ಸರಿ.

ಸಿಗ್ನೆ


ಬ್ರೂಲಿ ರಾಪಿಡ್ಸ್
28 ಅಕ್ಟೋಬರ್ 1993

ಸಿಗ್ನೆ,

ಬರಬೇಡ. ಕ್ಲೆಮ್‌ಗೆ ಹೇಳಿಯಾಯಿತು. ನಾನೇ ಹೇಳಿದೆ.

ನಿನ್ನ ಪತ್ರ ಬಂದ ಮಧ್ಯಾಹ್ನವೇ ಅವನ ಮನೆಗೆ ನಡೆದುಕೊಂಡು ಹೋದೆ. ಅವನು ಅಡುಗೆಮನೆಯಲ್ಲಿ ಬರ್ನೀಸಳ ಬಾಣಲೆಗಳನ್ನು ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದ. ಗ್ರೀನ್ ಬೇ ಊರಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾನೆ.

"ಏನಂದ್ಲು ನಿನ್ ಮಗಳು?" ಎಂದ.

ನಾನು ಹೇಳಿದೆ: "ಅವಳು ಹೋದ ವರ್ಷವೇ ಐದು ಪುಟ ಬರೆದಿದ್ಲು ಕ್ಲೆಮ್. ನೀನು ಸಹಿ ಹಾಕ್ಬೇಕು, ನಾನೂ ಹಾಕ್ಬೇಕು, ಮಿಲ್ ಉಳಿಯಲ್ಲ ಅಂತ ಬರೆದಿದ್ಲು. ಅದರಲ್ಲಿ ನನಗೆ ಬೇಕಾದ ಒಂದು ಸಾಲು ಕತ್ತರಿಸಿ ನಿನಗೆ ಕೊಟ್ಟೆ. ಮಿಕ್ಕಿದ್ದನ್ನ ಒಲೆಗೆ ಹಾಕ್ದೆ."

ಅವನು ನಂಬಿದ. ತಕ್ಷಣ ನಂಬಿದ. ಮೂವತ್ತೆರಡು ವರ್ಷ ವಾದ ಮಾಡಿದವನಿಗೆ ನನ್ನ ಹಟ ಗೊತ್ತಿತ್ತು. ಕೈಯಲ್ಲಿದ್ದ ಬಾಣಲೆಯನ್ನು ಕೆಳಗಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೇ ಕಾದೆ. "ಓಟಿನಲ್ಲಿ ಗೆದ್ದಿದ್ದೆಯಲ್ಲೋ, ಸಾಲ್ದಾಗಿತ್ತಾ ನಿಂಗೆ?" ಎಂದು ಕೇಳಿ ಬಾಗಿಲು ತೆಗೆದು ನಿಂತ. ನಾನು ಹೊರಗೆ ಬಂದೆ.

ಹೇಳಿದ್ದರಲ್ಲಿ ಪೂರ್ತಿ ಸುಳ್ಳೂ ಇಲ್ಲ. ಹನ್ನೊಂದು ಪುಟ ಕಳಿಸಲೇ ಎಂದು ನೀನು ಕೇಳಿದ್ದೆ, ಬೇಡ ಎಂದವನು ನಾನು. ನನಗೆ ಕ್ಲೆಮ್‌ನ ಮೇಲೆ ಒಂದು ಸಲ ಗೆಲ್ಲಬೇಕಿತ್ತು. ಅವನ ಹೆಂಡತಿಯ ಎದೆಯ ಮೇಲೆ ಕಾಲಿಟ್ಟು ಗೆದ್ದೆ.

ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಆ ಊಟದ ದಿನ ನಿಜ ಹೇಳಿದ ಹುಡುಗಿಯನ್ನು ಮೇಜಿನಿಂದ ಎಬ್ಬಿಸಿದೆ. ಹೆದರಿ ಬಾಯಿ ಮುಚ್ಚಿಕೊಂಡವಳಿಗೆ ಮಂಚ ಹಾಕಿಸಿದೆ. ನಿನಗೆ ಹೆದರುವುದನ್ನು ಕಲಿಸಿದವನು ನಾನು ಎಂಬುದು ಈ ವಯಸ್ಸಿನಲ್ಲಿ ತಿಳಿದು ಏನು ಮಾಡಲಿ?

ನಿನ್ನ ಮಾತನ್ನು ನಂಬಿಯೇ ಬರ್ನೀಸ್ ಸತ್ತಳು. ಟೊಲೆಫ್ಸನ್ ಹುಡುಗಿ ಸುಳ್ಳು ಹೇಳುವವಳಲ್ಲ ಎಂಬುದೊಂದಾದರೂ ಕ್ಲೆಮ್‌ಗೆ ಉಳಿಯಲಿ, ಅವನಿಗೆ ಬೇರೇನೂ ಉಳಿದಿಲ್ಲ. ನಿನ್ನನ್ನು ಅನುಮಾನಿಸಿದ್ದಕ್ಕೆ ನೊಂದುಕೊಂಡು ಅವನು ನಿನಗೆ ಪತ್ರ ಬರೆದರೂ ಬರೆಯಬಹುದು. ಆಗ ನಿಜ ಹೇಳಿ ಎದೆ ಹಗುರ ಮಾಡಿಕೊಳ್ಳಲು ಹೋಗಬೇಡ. ಸುಮ್ಮನಿರುವುದು ನಿನಗೆ ಬರುತ್ತದೆ. ಸುಮ್ಮನಿರು.

ಅಪ್ಪ